ರಿಜೆಕ್ಟ್ ಚೀಲ ಬಿಚ್ಚಿ ನೋಡುವವರು ಯಾರು?

ರಾತ್ರಿ 12 ಗಂಟೆ 20 ನಿಮಿಷಕ್ಕೆ ಅರ್ಜಿ ಹಾಕಿದ್ದಳು. 12 ಗಂಟೆ 31ಕ್ಕೆ ಉತ್ತರ ಬಂದಿತ್ತು: ಈ ಹುದ್ದೆಗೆ ನಿಮ್ಮನ್ನು ಪರಿಗಣಿಸಲು ಆಗುತ್ತಿಲ್ಲ, ಶುಭವಾಗಲಿ. ಮರುದಿನ ಬೆಳಿಗ್ಗೆ ಕಾಲೇಜಿಗೆ ಬಂದವಳೇ ಮೊಬೈಲನ್ನು ನನ್ನ ಟೇಬಲ್ ಮೇಲಿಟ್ಟಳು. "ಮೇಡಂ, ಹನ್ನೊಂದು ನಿಮಿಷದಾಗ ಯಾರು ಓದ್ಯಾರ್ರಿ ಇದನ್ನ? ಅಷ್ಟೊತ್ತಿನ್ಯಾಗ ಯಾರರ ಎಚ್ಚರ ಇರ್ತಾರೇನ್ರಿ?"

ಜೇವರ್ಗಿ ತಾಲೂಕಿನ ಹುಡುಗಿ. ಹತ್ತನೇ ತನಕ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಆಮೇಲೆ ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಪಿಯುಸಿ, ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಕೋಡ್ ಚೆನ್ನಾಗಿ ಬರೆಯುತ್ತಾಳೆ, ಕಣ್ಣಾರೆ ನೋಡಿದ್ದೇನೆ. ನಾನು ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ವಿಭಾಗ ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಆರು ವರ್ಷ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ಕೂತು, ಕಂಪನಿಗಳ ಪರವಾಗಿ ಅರ್ಜಿ ಸೋಸುವ ಕೆಲಸ ಮಾಡಿದ್ದೆ. ಹಾಗಾಗಿ ಅವಳ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು: ಯಾರೂ ಓದಿಲ್ಲ. ಆದರೆ ಓದದೆಯೇ ಬೇಡ ಅನ್ನುವುದು ಹೇಗೆ ಎಂದು ತಿಳಿಸಿ ಹೇಳಲು ಅರ್ಧ ದಿನ ಹಿಡಿಯಿತು. ಆ ಅರ್ಧ ದಿನದ ಮಾತನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅವಳಿಗೆ ಮೊದಲು ಹೇಳಿದ್ದು, ಈ ಅನುಭವ ನಿನ್ನೊಬ್ಬಳದಲ್ಲ ಎಂದು. ಅಮೆರಿಕದಲ್ಲಿ ಡೆರೆಕ್ ಮೊಬ್ಲಿ ಎಂಬವರು ನಡುರಾತ್ರಿ 12 ಗಂಟೆ 55ಕ್ಕೆ ಹಾಕಿದ ಅರ್ಜಿಗೆ 1 ಗಂಟೆ 50ಕ್ಕೆ ನಿರಾಕರಣೆ ಬಂತು. ವರ್ಕ್‌ಡೇ ಎಂಬ ಕಂಪನಿಯ ನೇಮಕಾತಿ ತಂತ್ರಾಂಶ ಬಳಸುವ ಸಂಸ್ಥೆಗಳಿಗೆ ಅವರು ನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದರು. ಎಲ್ಲಿಂದಲೂ ಕರೆ ಬರಲಿಲ್ಲ. 2023ರಲ್ಲಿ ಅವರು ಕೋರ್ಟಿಗೆ ಹೋದರು. ತಾನು ಕಪ್ಪು ವರ್ಣೀಯ, ನಲವತ್ತು ದಾಟಿದವನು, ಆತಂಕ ಮತ್ತು ಖಿನ್ನತೆಯ ತೊಂದರೆ ಇರುವವನು, ಈ ಕಾರಣಗಳಿಗೆ ತಂತ್ರಾಂಶ ತನ್ನನ್ನು ಹೊರಗಿಡುತ್ತಿದೆ ಎಂಬುದು ಅವರ ವಾದ. ಕಂಪನಿ ಅದನ್ನು ಒಪ್ಪಿಲ್ಲ. ಆದರೆ ತಂತ್ರಾಂಶ ಮಾರಿದವರನ್ನೂ ಹೊಣೆ ಮಾಡಿ ದಾವೆ ನಡೆಸಬಹುದು ಎಂದು 2024ರ ಜುಲೈನಲ್ಲಿ ನ್ಯಾಯಾಧೀಶರು ಹೇಳಿದರು. 2025ರ ಮೇ ತಿಂಗಳಲ್ಲಿ, ವಯಸ್ಸಿನ ತಾರತಮ್ಯದ ಮಟ್ಟಿಗೆ, ನಲವತ್ತು ದಾಟಿದ ಬೇರೆ ಅರ್ಜಿದಾರರೂ ಇದರಲ್ಲಿ ಸೇರಲು ಅವಕಾಶ ಸಿಕ್ಕಿತು. ತೀರ್ಪು ಏನೇ ಬರಲಿ, "ಇದನ್ನು ಯಾರು ಓದಿದರು?" ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿದೆ.

ಒಳಗೆ ನಡೆಯುವುದನ್ನು ಕಲಬುರಗಿಯವರಿಗೆ ಹೇಳುವುದು ಸುಲಭ. ನಮ್ಮಲ್ಲಿ ದಾಲ್ ಮಿಲ್ ಇವೆ.

ತೊಗರಿ ಒಡೆದು ಬೇಳೆಯಾದ ಮೇಲೆ ಅದನ್ನು ಎರಡು ರೀತಿ ಸೋಸುತ್ತಾರೆ. ಒಂದು ಜರಡಿ. ತೂತಿನ ಅಳತೆ ಇಷ್ಟು ಎಂದು ಮನುಷ್ಯ ಗೊತ್ತು ಮಾಡಿರುತ್ತಾನೆ. ಅದಕ್ಕಿಂತ ಸಣ್ಣದು ಕೆಳಗೆ, ದೊಡ್ಡದು ಮೇಲೆ. ಇನ್ನೊಂದು ಸಾರ್ಟೆಕ್ಸ್. ಅದರಲ್ಲಿ ಕ್ಯಾಮೆರಾ ಇರುತ್ತದೆ. ಒಳ್ಳೆ ಬೇಳೆ ಹೇಗಿರುತ್ತದೆ, ಕೆಟ್ಟದ್ದು ಹೇಗಿರುತ್ತದೆ ಎಂದು ಮೊದಲೇ ಅದಕ್ಕೆ ತೋರಿಸಿಟ್ಟಿರುತ್ತಾರೆ. ಬೇಳೆ ಉದುರುತ್ತ ಬರುವಾಗ ಬಣ್ಣ ಹೊಂದದ ಕಾಳಿಗೆ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಆ ಪಕ್ಕದ ಬಾಯಿಯ ಕೆಳಗೆ ಕಟ್ಟಿರುವುದೇ ರಿಜೆಕ್ಟ್ ಚೀಲ. ನಮ್ಮ ಸಂಬಂಧಿಕರೊಬ್ಬರ ಮಿಲ್ಲಿನಲ್ಲಿ ಸಾವ್ಕಾರ್ರು ದಿನಕ್ಕೆ ನಾಲ್ಕೈದು ಸಲ ಆ ಚೀಲದಲ್ಲಿ ಕೈ ಹಾಕಿ ಒಂದು ಮುಷ್ಟಿ ತೆಗೆದು ನೋಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆ ಎಂದು ಒಮ್ಮೆ ಕೇಳಿದೆ. "ಮಷಿನ್‌ಗಿ ಬಣ್ಣ ತಿಳಿತದ, ಬೇಳಿ ತಿಳಿಯಂಗಿಲ್ರಿ ಅಕ್ಕಾರ. ಸೆಟ್ಟಿಂಗ್ ಬಿಗಿ ಆಯ್ತಂದ್ರ ಚಲೋ ಬೇಳಿನೂ ಒದ್ದು ಕಳಸ್ತದ" ಎಂದರು. ಒಳ್ಳೆಯದು ಕಂಡರೆ ಸೆಟ್ಟಿಂಗ್ ಸಡಿಲ ಮಾಡಿ, ಆ ಚೀಲವನ್ನು ಮತ್ತೆ ಮೇಲೆ ಸುರಿಸುತ್ತಾರೆ.

ನೇಮಕಾತಿಯಲ್ಲೂ ಈ ಎರಡೂ ಇವೆ. ಜನ ಎರಡನ್ನೂ ಸೇರಿಸಿ 'ಎಐ', ಅಂದರೆ ಕೃತಕ ಬುದ್ಧಿಮತ್ತೆ, ಅನ್ನುತ್ತಾರೆ, ಅಲ್ಲೇ ಗೊಂದಲ ಶುರು.

ಜರಡಿಯನ್ನು ಮೊದಲು ನೋಡೋಣ. ಕ್ಯಾಂಪಸ್ ಡ್ರೈವ್‌ಗೆ ಕೂತ ಯಾವ ಹುಡುಗನನ್ನಾದರೂ ಕೇಳಿ, 'ಥ್ರೂಔಟ್ 60' ಅಂದರೆ ಏನೆಂದು ಹೇಳುತ್ತಾನೆ. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಇರಬೇಕು, ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಗ್ಯಾಪ್ ಇರಬಾರದು, ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇರಬಾರದು. ಇದರಲ್ಲಿ ಬುದ್ಧಿಮತ್ತೆ ಎಂಬುದೇ ಇಲ್ಲ. ಯಾರೋ ಒಬ್ಬರು ಒಂದು ದಿನ ಟೈಪ್ ಮಾಡಿಟ್ಟ ಅಂಕಿ ಅದು. ನನ್ನ ವಿದ್ಯಾರ್ಥಿನಿಯ ಹನ್ನೊಂದು ನಿಮಿಷದ ಗುಟ್ಟೂ ಇದೇ ಎಂದು ಆಮೇಲೆ ಗೊತ್ತಾಯಿತು. ಬಿ.ಇ.ಯಲ್ಲಿ ಅವಳ ಅಂಕ ಚೆನ್ನಾಗಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ಶೇ 57.

ಈ 60 ಎಂಬ ಅಂಕಿ ನಮ್ಮ ಕಡೆ ಏನು ಮಾಡುತ್ತದೆ ನೋಡಿ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನ ಯಾದಗಿರಿಗೆ, ಪಾಸಾದವರು ಶೇ 50.59. 2025ರಲ್ಲಿ ಕೊನೆಯ ಸ್ಥಾನ ಕಲಬುರಗಿಗೆ, ಶೇ 42.43. ಅದೇ ವರ್ಷ ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಮಂಗಳೂರಿನ ಮಕ್ಕಳು ಇಲ್ಲಿಯವರಿಗಿಂತ ಎರಡು ಪಟ್ಟು ಜಾಣರು ಎಂದು ಇದರ ಅರ್ಥವೇ? ಗಣಿತಕ್ಕೆ ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ಓದಿದವಳ 57 ಮತ್ತು ಟ್ಯೂಷನ್ ಹಚ್ಚಿದ ಮನೆಯ ಹುಡುಗನ 80, ಇವೆರಡರ ನಡುವಿನ ಅಂತರದಲ್ಲಿ ಮಕ್ಕಳ ಬುದ್ಧಿ ಎಷ್ಟು, ಊರಿನ ಶಾಲೆ ಎಷ್ಟು ಎಂದು ಜರಡಿಗೆ ಗೊತ್ತಾಗುವುದಿಲ್ಲ. ಏಳು ವರ್ಷ ಹಿಂದಿನ ಒಂದು ಮಾರ್ಕ್ಸ್ ಕಾರ್ಡ್ ಇವತ್ತಿನ ಕೋಡಿಂಗ್ ಕೆಲಸಕ್ಕೆ ಅಡ್ಡ ಬರುವುದಕ್ಕೆ ನನಗಂತೂ ಯಾವ ನ್ಯಾಯವೂ ಕಾಣುವುದಿಲ್ಲ. ಇದು ಇಲ್ಲಿಯದಷ್ಟೇ ಕಥೆಯಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2021ರಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ, ಶೇ 88ರಷ್ಟು ಉದ್ಯೋಗದಾತರು, ಒಳ್ಳೆ ಕೌಶಲವುಳ್ಳ ಅರ್ಹರೂ ಬರೆದಿಟ್ಟ ಮಾನದಂಡಕ್ಕೆ ಅಕ್ಷರಶಃ ಹೊಂದುವುದಿಲ್ಲವೆಂಬ ಕಾರಣಕ್ಕೆ ತಮ್ಮ ತಂತ್ರಾಂಶದಲ್ಲಿ ಸೋಸಿಹೋಗುತ್ತಿದ್ದಾರೆ ಎಂದು ತಾವೇ ಒಪ್ಪಿಕೊಂಡಿದ್ದರು.

ಜರಡಿಯ ದೋಷ ದೊಡ್ಡದೇ, ಆದರೆ ಅದು ಕಣ್ಣಿಗೆ ಕಾಣುತ್ತದೆ. ಫೋನ್ ಮಾಡಿ "ಸರ್, 60 ಬದಲು 55 ಮಾಡಿ" ಎಂದು ಕೇಳಬಹುದು. ನಾನು ಎಷ್ಟೋ ಸಲ ಕೇಳಿದ್ದೇನೆ, ಕೆಲವು ಸಲ ಆಗಿದೆ. ಸಾರ್ಟೆಕ್ಸ್‌ನದು ಬೇರೆ ಕಥೆ.

ಸಾವಿರ ಅರ್ಜಿಗಳಲ್ಲಿ ಜರಡಿ ದಾಟಿದ ನಾನೂರಕ್ಕೆ ಅಂಕ ಕೊಟ್ಟು, ಒಂದರ ಕೆಳಗೊಂದು ಜೋಡಿಸುವ ತಂತ್ರಾಂಶ ಇದು. ಮನುಷ್ಯ ಮೇಲಿನ ಮೂವತ್ತನ್ನು ತೆರೆದು ನೋಡುತ್ತಾನೆ. ನಾನು ಬೆಂಗಳೂರಿನಲ್ಲಿದ್ದಾಗ ನಾಲ್ಕನೇ ಪುಟದಾಚೆ ಹೋದ ನೆನಪೇ ನನಗಿಲ್ಲ. ಸಂಜೆಯೊಳಗೆ ಹದಿನೈದು ಹೆಸರು ಕಳಿಸಬೇಕಿರುತ್ತಿತ್ತು. ಅಂದರೆ 300ನೇ ಸ್ಥಾನ ಸಿಕ್ಕವನಿಗೆ ಯಾರೂ 'ಬೇಡ' ಎಂದಿರುವುದಿಲ್ಲ. ಅವನ ಹೆಸರಿನವರೆಗೆ ಯಾರ ಬೆರಳೂ ಹೋಗಿರುವುದಿಲ್ಲ.

ಈ ಅಂಕ ಎಲ್ಲಿಂದ ಬರುತ್ತದೆ? ಅನೇಕ ತಂತ್ರಾಂಶಗಳಲ್ಲಿ ಹಿಂದಿನ ನೇಮಕಾತಿಯಿಂದ. ಕಂಪನಿ ಹತ್ತು ವರ್ಷದಲ್ಲಿ ಯಾರನ್ನು ತೆಗೆದುಕೊಂಡಿತು, ಯಾರಿಗೆ ಬಡ್ತಿ ಸಿಕ್ಕಿತು ಎಂದು ತೋರಿಸಿ, 'ಇಂಥವರನ್ನೇ ಹುಡುಕು' ಅನ್ನುತ್ತಾರೆ. ಒಳ್ಳೆ ಬೇಳೆಯ ಮಾದರಿ ತೋರಿಸಿದ ಹಾಗೆ. ಅಮೆಜಾನ್ ಕಂಪನಿ 2014ರ ಸುಮಾರಿಗೆ ಇಂಥದ್ದೊಂದನ್ನು ಕಟ್ಟಲು ಶುರುಮಾಡಿತು. ವಸ್ತುಗಳಿಗೆ ಗ್ರಾಹಕರು ಕೊಡುವಂತೆ ಅಭ್ಯರ್ಥಿಗಳಿಗೆ ಒಂದರಿಂದ ಐದು ಸ್ಟಾರ್ ಕೊಡುವ ತಂತ್ರಾಂಶ. ಹತ್ತು ವರ್ಷದ ರೆಸ್ಯೂಮೆಗಳನ್ನು ಅದಕ್ಕೆ ಉಣಿಸಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ಕಲಿತದ್ದೂ ಅದನ್ನೇ. 'ಮಹಿಳಾ ಚೆಸ್ ಕ್ಲಬ್ ನಾಯಕಿ' ಎಂಬಂತೆ 'ಮಹಿಳಾ' ಎಂಬ ಪದ ಕಂಡರೆ ಅಂಕ ಇಳಿಸತೊಡಗಿತು. ಹೆಣ್ಣುಮಕ್ಕಳಿಗೇ ಮೀಸಲಾದ ಎರಡು ಕಾಲೇಜುಗಳ ಪದವೀಧರರನ್ನೂ ಕೆಳಗೆ ತಳ್ಳಿತು. ಆ ಪದಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ತಿದ್ದಿದರು. ಆದರೂ ಬೇರೆ ದಾರಿಯಲ್ಲಿ ಅದೇ ಕೆಲಸ ಮಾಡುವುದಿಲ್ಲ ಎಂಬ ಖಾತ್ರಿ ಇರಲಿಲ್ಲ. ಕೊನೆಗೆ ಯೋಜನೆಯನ್ನೇ ಕೈಬಿಟ್ಟರು. 2018ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ಇದನ್ನು ಹೊರಗೆ ತಂದಿತು. ಅದೇ ವರ್ಷ ಅಮೆರಿಕದ ವಕೀಲರೊಬ್ಬರು ಪತ್ರಿಕೆಗೆ ಇನ್ನೊಂದು ಸಂಗತಿ ಹೇಳಿದ್ದರು. ಅವರ ಕಕ್ಷಿದಾರರು ಪರೀಕ್ಷಿಸಿ ನೋಡಿದ ತಂತ್ರಾಂಶದ ಪ್ರಕಾರ ಒಳ್ಳೆ ನೌಕರನ ಎರಡು ದೊಡ್ಡ ಲಕ್ಷಣಗಳೆಂದರೆ, ಹೆಸರು ಜಾರೆಡ್ ಎಂದಿರುವುದು ಮತ್ತು ಹೈಸ್ಕೂಲಿನಲ್ಲಿ ಲಕ್ರೋಸ್ ಎಂಬ ಆಟ ಆಡಿರುವುದು.

"ಹಂಗಾದ್ರ ಹೆಸರು, ಲಿಂಗ, ಜಾತಿ ತೆಗದು ಕೊಟ್ರ ಆಯ್ತಲ್ರಿ ಮೇಡಂ?" ಎಂದಳು ಹುಡುಗಿ. ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಇದು. ಇದು ಯಾಕೆ ಸಾಲದು ಎಂದು ತೋರಿಸಲು ಅವಳ ರೆಸ್ಯೂಮೆಯನ್ನೇ ತೆಗೆದುಕೊಂಡೆ. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಓದು ಅಂದೆ.

ವಿಳಾಸದ ಪಿನ್‌ಕೋಡ್ 585ರಿಂದ ಶುರು. ಕಲಬುರಗಿ 585101, ಯಾದಗಿರಿ 585201, ಬೀದರ್ 585401: ಮೂರೂ ಜಿಲ್ಲೆಗೆ ಅದೇ ಮೂರು ಅಂಕಿ. ಓದಿದ್ದು ಮೊರಾರ್ಜಿ ದೇಸಾಯಿ ವಸತಿ ಶಾಲೆಯೋ, ಉರ್ದು ಹೈಸ್ಕೂಲೋ, ಯಾವುದೋ ಮಠದ ಸಂಸ್ಥೆಯೋ, ಅದು ಶಾಲೆಯ ಹೆಸರಿನಲ್ಲೇ ಇದೆ. ಸಿಕ್ಕ ವಿದ್ಯಾರ್ಥಿವೇತನ ಯಾವುದು ಎಂಬುದರಲ್ಲಿ ಜಾತಿ ಇದೆ. ಹಾಸ್ಟೆಲ್ ವಿಳಾಸದಲ್ಲಿ ಇಲಾಖೆಯ ಹೆಸರಿದೆ. ಅಪ್ಪನ ಕಸುಬು ಬರೆದಿದ್ದರೆ ಅದರಲ್ಲೂ ಇದೆ. ಸರ್ಕಾರಿ ನೌಕರಿಗೆ ಬರೆದು ರೂಢಿಯಾಗಿ '371ಜೆ ಅಭ್ಯರ್ಥಿ' (ಸರ್ಕಾರಿ ಹುದ್ದೆಯಲ್ಲಿ ಈ ಭಾಗದವರಿಗಿರುವ ಮೀಸಲಾತಿಯವರು) ಎಂದು ಖಾಸಗಿ ಕಂಪನಿಯ ರೆಸ್ಯೂಮೆಯಲ್ಲೂ ಹಾಕುವ ಮಕ್ಕಳಿದ್ದಾರೆ. ಹೆಸರು ಅಳಿಸಿದರೂ ಗುರುತು ಹತ್ತು ಕಡೆ ಉಳಿದಿರುತ್ತದೆ. ಈ ತುಣುಕುಗಳನ್ನು ಜೋಡಿಸುವುದರಲ್ಲೇ ಯಂತ್ರ ಮನುಷ್ಯನಿಗಿಂತ ಚುರುಕು. ಹಿಂದೆ 585ರಿಂದ ಬಂದವರನ್ನು ಕಂಪನಿ ಅಷ್ಟಾಗಿ ತೆಗೆದುಕೊಂಡಿಲ್ಲ ಎಂದಾದರೆ, 585 ಎಂಬುದು ಮಣ್ಣು ಬಣ್ಣದ ಕಾಳಿದ್ದ ಹಾಗೆ. ಯಂತ್ರಕ್ಕೆ ನಮ್ಮ ಮೇಲೆ ದ್ವೇಷವಿಲ್ಲ, ನಾವು ಯಾರೆಂದೇ ಅದಕ್ಕೆ ಗೊತ್ತಿಲ್ಲ. ಗಾಳಿ ಮಾತ್ರ ಊದುತ್ತದೆ.

ಹಾಗಾದರೆ ಹಿಂದಿನ ನೇಮಕಾತಿ ಎಷ್ಟು ಶುದ್ಧವಾಗಿತ್ತು? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ, ಎಐ ಮಾತು ಇಷ್ಟು ಕೇಳಿಬರುವುದಕ್ಕೂ ಬಹಳ ಮುಂಚಿನದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ವಿದ್ವಾಂಸರು 66 ವಾರಗಳ ಕಾಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4808 ಅರ್ಜಿ ಕಳಿಸಿದರು. ವಿದ್ಯಾರ್ಹತೆ ಒಂದೇ ಸಮ, ಹೆಸರು ಮಾತ್ರ ಬೇರೆ: ಮೇಲ್ಜಾತಿ ಹಿಂದೂ ಹೆಸರು, ದಲಿತ ಹೆಸರು, ಮುಸ್ಲಿಂ ಹೆಸರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಇಂಥ ಕೈಗಳು ಆರಿಸಿದ್ದನ್ನೇ 'ಒಳ್ಳೆ ಬೇಳೆಯ ಮಾದರಿ' ಎಂದು ಯಂತ್ರಕ್ಕೆ ತೋರಿಸಿದರೆ ಅದು ಏನು ಕಲಿಯಬೇಕು? ಇಲ್ಲಿ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಆ ಆರು ವರ್ಷದಲ್ಲಿ ನಾನು ಒತ್ತಿದ ಒಂದೊಂದು ಕ್ಲಿಕ್ಕೂ ಎಲ್ಲೋ ದಾಖಲಾಗಿದೆ.

ಪಕ್ಷಪಾತಕ್ಕೂ ಮುಂಚೆ, ಬರೀ ಓದುವುದರಲ್ಲೇ ತಪ್ಪು ಆಗುತ್ತದೆ. ಗುಲ್ಬರ್ಗಾ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ನಮ್ಮ ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಗುಲ್ಬರ್ಗಾ, ಆಧಾರ್‌ನಲ್ಲಿ ಕಲಬುರಗಿ. ಇಲ್ಲಿನ ವಿಶ್ವವಿದ್ಯಾಲಯಕ್ಕೂ ಗುಲ್ಬರ್ಗಾ ಎಂಬ ಹೆಸರೇ. ಶರಣಪ್ಪ ಎಂಬುದನ್ನು ಇಂಗ್ಲಿಷಿನಲ್ಲಿ ಶಾಲೆಯ ಗುಮಾಸ್ತರು ಒಂದು ಥರ ಬರೆದಿದ್ದರೆ, ಪಿಯು ಕಾಲೇಜಿನವರು ಇನ್ನೊಂದು ಥರ. ಇನ್ನು 'ಲಾಸ್ಟ್ ನೇಮ್' ಎಂಬ ಖಾನೆ! ನಮ್ಮಲ್ಲಿ ಕೆಲವರಿಗೆ ಇನಿಷಿಯಲ್ ಮಾತ್ರ ಇರುತ್ತದೆ, ಕೆಲವರು ಊರಿನ ಹೆಸರು ಹಾಕುತ್ತಾರೆ, ಕೆಲವರು ಅಪ್ಪನ ಹೆಸರು. ಖಾನೆ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ, ಏನೋ ಒಂದು ತುಂಬಿದರೆ ಮುಂದೆ ದಾಖಲೆ ತಾಳೆಯಾಗುವುದಿಲ್ಲ. ಒಂದು ಸಲ ನಾನು ಹತ್ತು ರೆಸ್ಯೂಮೆಗಳನ್ನು ಇಂಥ ಒಂದು ಓದುವ ತಂತ್ರಾಂಶಕ್ಕೆ ಹಾಕಿ ನೋಡಿದೆ. ಎರಡು ಅಂಕಣದಲ್ಲಿ ಚಂದ ಮಾಡಿ ಬರೆದವುಗಳಲ್ಲಿ ಅದು ಕೌಶಲಗಳನ್ನು ವಿಳಾಸದ ಜೊತೆ ಕಲಸಿ ಓದಿತ್ತು. ಚಂದದ ಬಣ್ಣದ ಪಟ್ಟಿ ಬೇಡ, ಒಂದೇ ಅಂಕಣದಲ್ಲಿ ನೇರವಾಗಿ ಬರೆಯಿರಿ, ಊರಿನ ಎರಡೂ ಹೆಸರು ಹಾಕಿರಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಮಾತಿನ ಪರೀಕ್ಷೆಯೂ ಹೀಗೆಯೇ. ಈಗ ಮೊದಲ ಸಂದರ್ಶನಕ್ಕೆ ಎಷ್ಟೋ ಕಡೆ ಮನುಷ್ಯರಿರುವುದಿಲ್ಲ. ಮೊಬೈಲ್ ಮುಂದೆ ಕೂತು, ಪರದೆ ಮೇಲೆ ಬರುವ ಪ್ರಶ್ನೆಗೆ ಉತ್ತರಿಸಬೇಕು. ತಂತ್ರಾಂಶ ಮಾತನ್ನು ಅಕ್ಷರ ಮಾಡಿಕೊಂಡು ಅಂಕ ಕೊಡುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಈ ಐದರ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿಯ ಅಮೆರಿಕನ್ನರು ಆಡಿದ ನೂರು ಪದಕ್ಕೆ ಸರಾಸರಿ 19 ತಪ್ಪಾದರೆ, ಕಪ್ಪು ಅಮೆರಿಕನ್ನರು ಆಡಿದ ನೂರಕ್ಕೆ 35. ಇಂಗ್ಲಿಷೇ ಮನೆಮಾತಾದವರ ಪಾಡು ಹೀಗಿದ್ದರೆ, ಮನೆಯಲ್ಲಿ ಕನ್ನಡವೋ ದಖನಿಯೋ ಲಂಬಾಣಿಯೋ ಆಡಿ, ಇಂಗ್ಲಿಷನ್ನು ಪುಸ್ತಕದಿಂದ ಕಲಿತ ಆಳಂದದ ಹುಡುಗನ ಮಾತು ಅದಕ್ಕೆ ಎಷ್ಟು ತಿಳಿದೀತು? ಮುಖಚಹರೆ ನೋಡಿ ಅಂಕ ಕೊಡುವ ಪದ್ಧತಿಯೂ ಇತ್ತು. ಆ ಕ್ಷೇತ್ರದ ದೊಡ್ಡ ಕಂಪನಿಯಾದ ಹೈರ್‌ವ್ಯೂ ಅದನ್ನು ಕೈಬಿಟ್ಟದ್ದಾಗಿ 2021ರ ಜನವರಿಯಲ್ಲಿ ಹೇಳಿತು. ಮುಂದಿನ ತಿಂಗಳು ಜರ್ಮನಿಯ ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪತ್ರಕರ್ತರು ಬೇರೊಂದು ತಂತ್ರಾಂಶವನ್ನು ಪರೀಕ್ಷಿಸಿ ತೋರಿಸಿದರು: ಅದೇ ವ್ಯಕ್ತಿ ಕನ್ನಡಕ ಹಾಕಿದರೆ, ತಲೆಗೆ ಬಟ್ಟೆ ಸುತ್ತಿದರೆ, ಬೆನ್ನ ಹಿಂದೆ ಪುಸ್ತಕದ ಕಪಾಟು ಕಂಡರೆ ಅಂಕ ಬದಲಾಗುತ್ತಿತ್ತು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಯ ಬೆನ್ನ ಹಿಂದೆ ಪುಸ್ತಕದ ಕಪಾಟಿದೆ? ಹಾಸ್ಟೆಲ್ ಕೋಣೆಯಲ್ಲಿ ಹಗ್ಗಕ್ಕೆ ನೇತುಹಾಕಿದ ಬಟ್ಟೆ ಇರುತ್ತದೆ.

ಇನ್ನು ಸಾಮಾಜಿಕ ಜಾಲತಾಣ. ಅದು ಎರಡು ಕಡೆಯಿಂದ ಕೆಲಸ ಮಾಡುತ್ತದೆ. ಮೊದಲನೆಯದನ್ನು ಯಾರೂ ಗಮನಿಸುವುದಿಲ್ಲ: ಕೆಲಸ ಇದೆ ಎಂಬ ಸುದ್ದಿಯೇ ಯಾರಿಗೆ ತಲುಪುತ್ತದೆ ಎಂಬುದು. 2019ರಲ್ಲಿ ಅಮೆರಿಕದ ಸಂಶೋಧಕರು ಫೇಸ್‌ಬುಕ್‌ನಲ್ಲಿ ಉದ್ಯೋಗ ಜಾಹೀರಾತು ಹಾಕಿ ನೋಡಿದರು. ಇಂಥವರಿಗೇ ತೋರಿಸು ಎಂದು ಅವರು ಹೇಳಿರಲಿಲ್ಲ. ಆದರೂ ಮರ ಕಡಿಯುವ ಉದ್ಯಮದ ಕೆಲಸದ ಜಾಹೀರಾತು ಕಂಡವರಲ್ಲಿ ಶೇ 90 ಗಂಡಸರು, ಸೂಪರ್‌ಮಾರ್ಕೆಟ್ ಕ್ಯಾಷಿಯರ್ ಕೆಲಸದ್ದು ಕಂಡವರಲ್ಲಿ ಶೇ 85 ಹೆಂಗಸರು. ಯಾರು ಕ್ಲಿಕ್ ಮಾಡಬಹುದು ಎಂದು ಜಾಲತಾಣವೇ ಊಹಿಸಿ ಹಂಚಿತ್ತು. ಇಲ್ಲಿ ಅರ್ಜಿ ತಿರಸ್ಕಾರವಾಗುವ ಪ್ರಸಂಗವೇ ಇಲ್ಲ, ಅರ್ಜಿ ಹಾಕುವ ಮಾತೇ ಹುಟ್ಟುವುದಿಲ್ಲ. ಹೀಗಾಗಿ ನಾನು ಮಕ್ಕಳಿಗೆ, ಫೀಡ್‌ನಲ್ಲಿ ಬಂದದ್ದನ್ನು ನಂಬಿ ಕೂರಬೇಡಿ, ಕಂಪನಿಯ ಸ್ವಂತ ವೆಬ್‌ಸೈಟ್‌ನ ಉದ್ಯೋಗ ಪುಟವನ್ನು ವಾರಕ್ಕೊಮ್ಮೆ ನೀವೇ ತೆರೆದು ನೋಡಿ ಅನ್ನುತ್ತೇನೆ.

ಎರಡನೆಯದು ಎಲ್ಲರಿಗೂ ಗೊತ್ತಿರುವುದು. ಹೆಸರು ಹಾಕಿ ಹುಡುಕಿ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ನೋಡುವುದು. ರೆಸ್ಯೂಮೆಯಲ್ಲಿ ಕೇಳಬಾರದ ಪ್ರಶ್ನೆಗಳಿಗೆಲ್ಲ ಅಲ್ಲಿ ಉತ್ತರ ಇರುತ್ತದೆ. ಮದುವೆಯಾಗಿದೆಯೇ, ಬಸುರಿಯೇ, ಯಾವ ಜಾತ್ರೆಗೆ ಹೋಗಿದ್ದರು, ಯಾರ ಜಯಂತಿಗೆ ಧ್ವಜ ಹಿಡಿದಿದ್ದರು. ಅಲೆಸ್ಸಾಂಡ್ರೊ ಅಕ್ವಿಸ್ಟಿ ಮತ್ತು ಕ್ರಿಸ್ಟಿನಾ ಫಾಂಗ್ ಎಂಬ ಸಂಶೋಧಕರು ಅಮೆರಿಕದ 4000ಕ್ಕೂ ಹೆಚ್ಚು ಕಂಪನಿಗಳಿಗೆ ಅರ್ಜಿ ಕಳಿಸಿ, ಅಭ್ಯರ್ಥಿಯ ಧರ್ಮ ಜಾಲತಾಣದಲ್ಲಿ ಮಾತ್ರ ಗೊತ್ತಾಗುವ ಹಾಗೆ ಇಟ್ಟಿದ್ದರು. ದೇಶದ ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ರಿಪಬ್ಲಿಕನ್ ಪಕ್ಷದ ಬಲ ಹೆಚ್ಚಿದ್ದ ಕಡೆ ಮಾತ್ರ ಮುಸ್ಲಿಂ ಅಭ್ಯರ್ಥಿಗೆ ಕ್ರೈಸ್ತ ಅಭ್ಯರ್ಥಿಗಿಂತ ಕಡಿಮೆ ಕರೆ ಬಂದವು. ಎಲ್ಲ ಕಂಪನಿಯೂ ಜಾಲತಾಣ ನೋಡಿಯೇ ತೀರ್ಮಾನಿಸುತ್ತದೆ ಎಂದು ಹೆದರಿಸುವವರ ಮಾತು ನಿಜವಲ್ಲ. ನೋಡುವುದೇ ಇಲ್ಲ ಎಂಬುದೂ ನಿಜವಲ್ಲ.

ಹೋದ ವರ್ಷ ಬೀದರ್ ಕಡೆಯ ಹುಡುಗನೊಬ್ಬನ ತಂದೆ ನನ್ನ ಹತ್ತಿರ ಬಂದಿದ್ದರು. ಮಗ ಏಪ್ರಿಲ್ 14ರ ಮೆರವಣಿಗೆಯ ಫೋಟೊ ಹಾಕಿದ್ದಾನೆ, ತೆಗೆಯಲು ಹೇಳಿ ಮೇಡಂ, ನೌಕರಿಗೆ ಅಡ್ಡಿಯಾದೀತು ಎಂದರು. ಆ ತಂದೆ ಕಟ್ಟಡ ಕೆಲಸ ಮಾಡಿ ಮಗನನ್ನು ಓದಿಸಿದವರು. ಅವರ ಭಯವನ್ನು ಸುಳ್ಳು ಎನ್ನಲು ನನ್ನಿಂದಾಗಲಿಲ್ಲ. ಆ ಫೋಟೊ ತೆಗೆ ಎಂದು ಹುಡುಗನಿಗೆ ಹೇಳಲೂ ಬಾಯಿ ಬರಲಿಲ್ಲ. ಬೈಗುಳ, ಬೇರೆಯವರನ್ನು ಹೀಯಾಳಿಸಿದ ಪೋಸ್ಟ್ ಇದ್ದರೆ ತೆಗೆ ಎಂದು ಹೇಳುತ್ತೇನೆ, ಅದು ನೌಕರಿ ಇರಲಿ ಬಿಡಲಿ ತೆಗೆಯಬೇಕಾದದ್ದೇ. ಅಂಬೇಡ್ಕರ್ ಜಯಂತಿಯ ಫೋಟೊ ಹಾಗಲ್ಲ. ಖಾತೆಯನ್ನು ಖಾಸಗಿ ಮಾಡಿಟ್ಟುಕೊಳ್ಳುವುದು ಹೇಗೆ ಎಂದು ಇಬ್ಬರಿಗೂ ತೋರಿಸಿಕೊಟ್ಟು, ತೀರ್ಮಾನ ಅವನಿಗೇ ಬಿಟ್ಟೆ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 371ಜೆ ವಿಧಿ 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಅದರ ಬಲದಿಂದ ಈ ಭಾಗದ ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ಗುಂಪಿನಲ್ಲಿ ಶೇ 75, 'ಸಿ' ಗುಂಪಿನಲ್ಲಿ ಶೇ 80, 'ಡಿ' ಗುಂಪಿನಲ್ಲಿ ಶೇ 85 ನಮ್ಮವರಿಗೆ ಮೀಸಲು. ಆ ರಕ್ಷಣೆ ಖಾಸಗಿ ಕಂಪನಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಕಾಯ್ದೆಗಳಿವೆ. ಖಾಸಗಿ ನೇಮಕಾತಿಯಲ್ಲಿ ಜಾತಿ, ಧರ್ಮ, ಊರು ಎಂಬುದನ್ನೆಲ್ಲ ಒಟ್ಟಾಗಿ ಹಿಡಿದು ಭೇದ ಸಲ್ಲದು ಎನ್ನುವ ಒಂದು ಸಮಗ್ರ ಕಾಯ್ದೆ ನಮ್ಮಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಮಾಹಿತಿ ತಪ್ಪಿದ್ದರೆ ತಿದ್ದಿಸುವ, ಅಳಿಸಲು ಕೇಳುವ ಹಕ್ಕಿದೆ. ಆದರೆ ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ತೆರೆದ ಖಾತೆಯ ಫೋಟೊಗೆ ಅದು ಕೊಡೆ ಹಿಡಿಯುವುದಿಲ್ಲ. ಯಂತ್ರ ಯಾಕೆ ಬೇಡ ಎಂದಿತು ಎಂದು ಕಾರಣ ಕೇಳುವ ಹಕ್ಕೂ ಅದರಲ್ಲಿಲ್ಲ.

ಬೇರೆ ಕಡೆ ಸ್ವಲ್ಪ ಮುಂದೆ ಹೋಗಿದ್ದಾರೆ. ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ನೇಮಕಾತಿಗೆ ಬಳಸುವ ಎಐಯನ್ನು ಅದು ಹೆಚ್ಚಿನ ಅಪಾಯದ್ದು ಎಂದು ಪಟ್ಟಿ ಮಾಡಿದೆ. ಕೆಲಸದ ಸ್ಥಳದಲ್ಲಿ ಮುಖ ನೋಡಿ ಭಾವನೆ ಅಳೆಯುವುದನ್ನು 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ನ್ಯೂಯಾರ್ಕ್ ನಗರದಲ್ಲಿ ಇಂಥ ತಂತ್ರಾಂಶ ಬಳಸುವವರು ವರ್ಷಕ್ಕೊಮ್ಮೆ ಹೊರಗಿನವರಿಂದ ಪಕ್ಷಪಾತದ ಲೆಕ್ಕ ಪರಿಶೋಧನೆ ಮಾಡಿಸಿ, ಅದರ ಸಾರಾಂಶ ಪ್ರಕಟಿಸಬೇಕು. 2023ರ ಜುಲೈ 5ರಿಂದ ಇದು ಜಾರಿಯಲ್ಲಿದೆ. ಅದೇ ವರ್ಷ ಐಟ್ಯೂಟರ್‌ಗ್ರೂಪ್ ಎಂಬ ಬೋಧನಾ ಸಂಸ್ಥೆ 3,65,000 ಡಾಲರ್ ಕೊಟ್ಟು ಪ್ರಕರಣ ಬಗೆಹರಿಸಿಕೊಂಡಿತು. ಅದರ ತಂತ್ರಾಂಶ 55 ದಾಟಿದ ಹೆಂಗಸರನ್ನೂ 60 ದಾಟಿದ ಗಂಡಸರನ್ನೂ ತಾನಾಗಿ ತಿರಸ್ಕರಿಸುತ್ತಿತ್ತು ಎಂಬುದು ಆರೋಪ. ಹೊರಬಿದ್ದದ್ದು ಹೇಗೆ ಗೊತ್ತೇ? ತಿರಸ್ಕೃತಳಾದ ಒಬ್ಬಾಕೆ ಅದೇ ಅರ್ಜಿಯನ್ನು ಹುಟ್ಟಿದ ವರ್ಷ ಮಾತ್ರ ಬದಲಿಸಿ ಮತ್ತೆ ಹಾಕಿದಳು. ಈ ಸಲ ಸಂದರ್ಶನಕ್ಕೆ ಕರೆ ಬಂತು.

ಲೆಕ್ಕ ಪರಿಶೋಧನೆ ಎಂದರೆ ಭಾರಿ ಗಣಿತ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 1978ರಿಂದ ಬಳಕೆಯಲ್ಲಿರುವ 'ಐದರಲ್ಲಿ ನಾಲ್ಕು' ಎಂಬ ಸೂತ್ರವನ್ನು ಐದನೇ ತರಗತಿ ಓದಿದವರೂ ಹಾಕಬಹುದು. ಒಂದು ಕಂಪನಿಗೆ ಬೆಂಗಳೂರಿನಿಂದ 200 ಮಂದಿ ಅರ್ಜಿ ಹಾಕಿ 60 ಮಂದಿ ಆಯ್ಕೆಯಾದರು ಎಂದಿಟ್ಟುಕೊಳ್ಳಿ. ನೂರಕ್ಕೆ 30. ನಮ್ಮ ಮೂರು ಜಿಲ್ಲೆಯಿಂದ 100 ಮಂದಿ ಹಾಕಿ 12 ಮಂದಿ ಆಯ್ಕೆಯಾದರು. ನೂರಕ್ಕೆ 12. ಈ 12ನ್ನು 30ರಿಂದ ಭಾಗಿಸಿದರೆ 0.4. ಐದರಲ್ಲಿ ನಾಲ್ಕು ಎಂದರೆ 0.8. ಉತ್ತರ ಅದಕ್ಕಿಂತ ಕಡಿಮೆ ಬಂದರೆ ಭೇದ ಸಾಬೀತಾಯಿತು ಎಂದಲ್ಲ, ಸೆಟ್ಟಿಂಗ್ ಬಿಗಿಯಾಗಿದೆಯೇ ಎಂದು ನಿಂತು ನೋಡಬೇಕು ಎಂದರ್ಥ. ಅಲ್ಲಿ ಅದು ಲಿಂಗ, ಜನಾಂಗದಂಥ ಗುಂಪುಗಳಿಗೆ ಹಾಕುವ ಲೆಕ್ಕ. ಜಿಲ್ಲೆಗೆ ಹಾಕಬಾರದು ಎಂದೇನೂ ಇಲ್ಲ. ಈ ಲೆಕ್ಕ ಹಾಕಲು ಬೇಕಾದದ್ದು ಒಂದೇ: ಆಯ್ಕೆಯಾದವರದ್ದಷ್ಟೇ ಅಲ್ಲದೆ ಬಿದ್ದವರ ಪಟ್ಟಿಯೂ ಬೇಕು. ಅದನ್ನೇ ಯಾರೂ ಇಟ್ಟಿರುವುದಿಲ್ಲ. ಬೇಳೆ ವ್ಯಾಪಾರಿ ಕೈಬಿಡದ ಚೀಲವನ್ನು ದೊಡ್ಡ ದೊಡ್ಡ ಕಂಪನಿಗಳು ಬಿಚ್ಚಿ ನೋಡುವುದಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಬೇಳೆ ವ್ಯರ್ಥವಾದರೆ ನಷ್ಟ ಸಾವ್ಕಾರರದು. ಇಲ್ಲಿ ನಷ್ಟ ಜೇವರ್ಗಿಯ ಒಂದು ಮನೆಯದು.

ಈ ವರ್ಷ ಪೂಲ್ ಡ್ರೈವ್‌ಗೆ, ಅಂದರೆ ಹಲವು ಕಾಲೇಜುಗಳ ಮಕ್ಕಳಿಗೆ ಒಟ್ಟಿಗೆ ನಡೆಸುವ ನೇಮಕಾತಿಗೆ, ಕಂಪನಿಗಳನ್ನು ಕರೆಯುವ ಪತ್ರದಲ್ಲಿ ನಾನು ಒಂದು ಸಾಲು ಸೇರಿಸಿದೆ. ಬಿದ್ದವರೆಷ್ಟು, ಯಾವ ಹಂತದಲ್ಲಿ, ಯಾವ ಮಾನದಂಡಕ್ಕೆ ಎಂದು ಮೂರು ಕಾಲಂ ತುಂಬಿ ಕೊಡಿ ಎಂದು. ಬಹಳಷ್ಟು ಕಂಪನಿಗಳು ಉತ್ತರ ಕೊಡಲಿಲ್ಲ. ಒಂದು ಕಂಪನಿ, ಅದು ಗೌಪ್ಯ ಎಂದಿತು. ಒಂದು ಕಡೆಯ ಎಚ್‌ಆರ್ ಮಾತ್ರ ಪಟ್ಟಿ ಕಳಿಸಿ, ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿದರು. ಹತ್ತನೇ ತರಗತಿಯ ಅಂಕ ಒಂದಕ್ಕೇ ಬಿದ್ದವರನ್ನು ಬೇರೆ ತೆಗೆದು ನೋಡಿದೆವು ಮೇಡಂ, ಅದರಲ್ಲಿ ನಾಲ್ವರ ಕೋಡಿಂಗ್ ಕೆಲಸ ಚೆನ್ನಾಗಿದೆ, ಟೆಸ್ಟ್‌ಗೆ ಕಳಿಸಿ ಎಂದರು.

ಆ ನಾಲ್ವರಲ್ಲಿ ನನ್ನ ಜೇವರ್ಗಿ ಹುಡುಗಿಯೂ ಒಬ್ಬಳು. ಟೆಸ್ಟ್ ಬರುವ ಮಂಗಳವಾರ. ನಿನ್ನೆ ಸಂಜೆ ಫಾರಂ ತುಂಬುತ್ತ ಕೂತಿದ್ದವಳು ಪೆನ್ನು ಎತ್ತಿ ಕೇಳಿದಳು: "ಮೇಡಂ, ಊರಿನ ಹೆಸ್ರು ಕಲಬುರಗಿ ಅಂತ ಬರೀಲೇನ್ರಿ, ಗುಲ್ಬರ್ಗಾ ಅಂತ ಬರೀಲೇನ್ರಿ?"

"ಎರಡೂ ಬರಿಯವಾ" ಎಂದೆ.